ಒಣಸಿಗಡಿಯೂ ಒಣಹುಳವೂ

ನನ್ನ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಎರಡು ಗಾಜಿನ ಬಾಟಲಿಗಳು ಅಕ್ಕಪಕ್ಕದಲ್ಲಿ ಕೂತಿವೆ. ಒಂದರಲ್ಲಿ ಒಣಸಿಗಡಿ, ಇನ್ನೊಂದರಲ್ಲಿ ಒಣಹುಳ. ಬೆಳಗಿನ ಬೆಳಕಿನಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಿಗಡಿಗೆ ಮೀಸೆಯಿದೆ, ಸಾಸಿವೆಗಿಂತ ಸಣ್ಣ ಕಪ್ಪು ಕಣ್ಣಿದೆ. ಹುಳಕ್ಕೆ ಅವೆರಡೂ ಇಲ್ಲ, ಮೈತುಂಬ ಉಂಗುರ ಉಂಗುರವಾದ ಗೆರೆಗಳು ಮಾತ್ರ. ಆದರೆ ಸಂಜೆ, ದೀಪ ಹಚ್ಚುವುದಕ್ಕೆ ಸ್ವಲ್ಪ ಮೊದಲು, ಯಾವುದು ಯಾವುದೆಂದು ಹೇಳಲು ನನಗೂ ಸಾಧ್ಯವಿಲ್ಲ. ಮೈಯ ನೀರು ಆರಿದ ಮೇಲೆ ಕಡಲಲ್ಲಿ ಹುಟ್ಟಿದ್ದಕ್ಕೂ ತೌಡಿನಲ್ಲಿ ಹುಟ್ಟಿದ್ದಕ್ಕೂ ಒಂದೇ ಬಣ್ಣ, ಒಂದೇ ಹಗುರ. ಮನುಷ್ಯರ ವಿಷಯವೂ ಹಾಗೆಯೇ ಇರಬಹುದು ಎಂದು ಬರೆಯಲು ಹೊರಟಿದ್ದೆ. ಇಷ್ಟು ಬೇಗ ವೇದಾಂತ ಬೇಡವೆಂದು ಬಿಟ್ಟೆ.

ಮಕ್ಕಳೇ, ನೀವಿಬ್ಬರೂ ಕಳೆದ ಭಾನುವಾರ ಮಣಿಪಾಲದಿಂದ ಫೋನು ಮಾಡಿದಾಗ ಪುಟ್ಟ ಒಂದು ಪ್ರಶ್ನೆ ಕೇಳಿದ. "ಅಜ್ಜೀ, ಅಜ್ಜ ಸತ್ತ ಮೇಲೆ ಹುಳ ತಿಂದದ್ದು ಹೌದಾ?" ಹಿಂದಿನಿಂದ ಶ್ರಾವ್ಯ "ಶ್ಶ್! ಹಾಗೆಲ್ಲ ಕೇಳ್ಲಿಕ್ಕುಂಟಾ!" ಎಂದು ಗದರಿಸಿದ್ದೂ, ನಿಮ್ಮ ಅಮ್ಮ ನಕ್ಕದ್ದೂ ಕೇಳಿಸಿತು. ನಾನು "ಊಟ ಆಯ್ತಾ?" ಎಂದು ಕೇಳಿ ಫೋನು ಇಟ್ಟುಬಿಟ್ಟೆ. ಉತ್ತರ ಗೊತ್ತಿಲ್ಲದಾಗ ಊಟ ಆಯಿತೇ ಎಂದು ಕೇಳುವುದು ನನ್ನ ಹಳೆಯ ಉಪಾಯ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಾನು. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಬಾಯಲ್ಲಿ ಹೇಳಲು ನಾಚಿಕೆ. ಬರೆಯಲು ಅಷ್ಟು ನಾಚಿಕೆಯಿಲ್ಲ, ಕಾಗದ ತಿರುಗಿ ಮುಖ ನೋಡುವುದಿಲ್ಲವಲ್ಲ. ಆದ್ದರಿಂದ ಪುಟ್ಟನ ಪ್ರಶ್ನೆಗೆ ಇಲ್ಲಿ, ನಿಧಾನವಾಗಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೆಕ್ಕಿಕೊಂಡು ಉತ್ತರ ಹೇಳುತ್ತೇನೆ.

ಮೊದಲು ನಿಮ್ಮ ಅಜ್ಜನ ಊಟದ ಶಬ್ದದ ಬಗ್ಗೆ ಹೇಳಬೇಕು. ನೀವು ಅವರನ್ನು ಕಂಡದ್ದು ಹೆಚ್ಚಾಗಿ ರಜೆಯಲ್ಲಿ, ಮಕ್ಕಳ ಗಲಾಟೆಯ ನಡುವೆ. ಆ ಶಬ್ದ ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಅವರು ಕಾಪುವಿನ ಕಡಲತಡಿಯಲ್ಲಿ ಹುಟ್ಟಿ, ಕಾರ್ಕಳದ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟು, ಕುಕ್ಕುಂದೂರಿನ ಈ ಮನೆಯಲ್ಲಿ ನೆಲೆ ನಿಂತವರು. ಕಡಲನ್ನು ಬಿಟ್ಟು ಇಷ್ಟು ಒಳಗೆ ಬಂದರೂ ಕಡಲು ಅವರನ್ನು ಬಿಡಲಿಲ್ಲ. ಅಂಗಿ ಎಷ್ಟು ಒಗೆದರೂ ಕಾಲರಿನಲ್ಲಿ ಒಣಮೀನಿನ ವಾಸನೆ ಇದ್ದೇ ಇತ್ತು. ಮಧ್ಯಾಹ್ನ ಮನೆಗೆ ಬಂದು ಮಣೆಯ ಮೇಲೆ ಕೂತು, ಕುಚ್ಚಲಕ್ಕಿ ಅನ್ನಕ್ಕೆ ಒಣಸಿಗಡಿಯ ಚಟ್ನಿ ಕಲಸಿ ಉಣ್ಣುವುದು ಅವರಿಗೆ ದಿನದ ದೊಡ್ಡ ಸುಖ. ಚಟ್ನಿಗೆ ಮೆಣಸು ಕಣ್ಣಲ್ಲಿ ನೀರು ಬರುವಷ್ಟು ಬೇಕು. ಉಣ್ಣುತ್ತಾ ಹೋದಂತೆ ಖಾರಕ್ಕೆ "ಸ್ಸ್... ಸ್ಸ್..." ಎಂದು ಗಾಳಿ ಒಳಗೆಳೆದುಕೊಳ್ಳುವರು. ಕೊನೆಗೆ ಒಂದು ಚೊಂಬು ನೀರು ಕುಡಿದು, ಎದೆಯ ಆಳದಿಂದ "ಹಾ" ಎನ್ನುವರು. ಅಡುಗೆ ಚೆನ್ನಾಗಿದೆ ಎಂದು ಅವರು ಬಾಯಿಬಿಟ್ಟು ಒಂದು ದಿನವೂ ಹೇಳಿದವರಲ್ಲ. ಆ "ಹಾ" ಬಂದರೆ ಚೆನ್ನಾಗಿದೆ ಎಂದು ಅರ್ಥ. ಬರದಿದ್ದರೆ ನಾಳೆ ಹುಳಿ ಸ್ವಲ್ಪ ಕಡಿಮೆ ಮಾಡಬೇಕು ಎಂದು ಅರ್ಥ.

ಇದನ್ನೆಲ್ಲ ನಾನು ಕಂಡದ್ದಲ್ಲ, ಕೇಳಿದ್ದು. ಉಣ್ಣುವವರ ಮುಖ ನೋಡಬಾರದು, ದೃಷ್ಟಿಯಾಗುತ್ತದೆ ಎಂದು ನನ್ನ ಅಮ್ಮ ಕಲಿಸಿದ್ದರು. ಬಡಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಶಬ್ದದಿಂದಲೇ ಅನ್ನ ಮುಗಿಯಿತೋ ಸಾರು ಬೇಕೋ ಎಂದು ತಿಳಿದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಒಬ್ಬರ ಜೊತೆ ಬಾಳಿ, ಅವರು ಉಣ್ಣುವಾಗ ಮುಖ ಹೇಗಿರುತ್ತಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನೀವು ನಗಬಹುದು. ನಗಿ. ಆದರೆ ಬಾಗಿಲ ಹಿಂದೆ ನಿಂತವಳ ಕಿವಿ ಎಷ್ಟು ಚುರುಕಾಗುತ್ತದೆ ಎಂದು ಮುಂದಿನ ಕತೆಗೆ ನೀವು ತಿಳಿದಿರಬೇಕು.

ಅಂದಹಾಗೆ, ಅವರಿಗೆ ಬಿಗಿಯಾಗಿ ಮುಚ್ಚಿದ ಬಾಟಲಿ ಕಂಡರೆ ಆಗುತ್ತಿರಲಿಲ್ಲ. ಮೀನು ಮುಟ್ಟಿ ಮುಟ್ಟಿ ಕೈ ಯಾವಾಗಲೂ ಜಾರುವುದು. "ಇಷ್ಟು ಬಿಗಿ ಯಾರಿಗೆ ಹೆದರಿ ಮುಚ್ಚಿದ್ದು, ಮಾರಾಯ್ತಿ?" ಎಂದು ಸಿಗಡಿಯ ಬಾಟಲಿಯನ್ನು ನನ್ನ ಕಡೆ ಚಾಚುವರು. ಇದು ಮುಖ್ಯವಾದ ಸಂಗತಿಯಲ್ಲ. ನೆನಪಾಯಿತು, ಬರೆದೆ.

ಇನ್ನು ಬೊಟ್ಟು. ನೀವು ಮಣಿಪಾಲದ ಫ್ಲಾಟಿಗೆ ಹೋದಾಗ, ಪಕ್ಕದ ಮನೆಯವರಿಗೆ ಹಕ್ಕಿಯ ಕೂಗು ಆಗದೆ, ಆ ಕಾಕಟೀಲ್ ಹಕ್ಕಿಯನ್ನು ಪಂಜರದ ಸಮೇತ ಇಲ್ಲಿ ತಂದು ಬಿಟ್ಟಿರಿ. ಬೂದು ಮೈ, ಹಳದಿ ಜುಟ್ಟು, ಎರಡೂ ಕೆನ್ನೆಯಲ್ಲಿ ಕುಂಕುಮ ಇಟ್ಟಂತೆ ಕಿತ್ತಳೆ ಬೊಟ್ಟು. "ಮೀನು ಮಾರುವವನಿಗೆ ಎಂತಕ್ಕೆ ಹಕ್ಕಿ?" ಎಂದು ಅಜ್ಜ ಮೊದಲ ದಿನ ಗೊಣಗಿದರು. ವಾರ ಕಳೆಯುವಷ್ಟರಲ್ಲಿ ಅದು ಅವರ ಭುಜದ ಮೇಲಿತ್ತು. ತಿಂಗಳಾಗುವಾಗ ಊಟದ ಮಣೆಯ ಪಕ್ಕ ಇಳಿದು, ಎಲೆಯ ಅಂಚಿನಲ್ಲಿ ಅವರು ಇಟ್ಟ ನಾಲ್ಕು ಅನ್ನದ ಅಗುಳನ್ನು ಹೆಕ್ಕುತ್ತಿತ್ತು. ಅಂಗಡಿಯ ಸಾಮಾನಿಗೆಂದು ಕಾಪುವಿಗೆ ಹೋದಾಗಲೆಲ್ಲ ಅಜ್ಜ ಅದಕ್ಕಾಗಿ ತಡಿಯಲ್ಲಿ ಬಿದ್ದ ಕಡಲನೊರೆ ಹೆಕ್ಕಿ ತರುವರು; ಅದೇ, ಬೊಂಡಾಸ್ ಮೀನಿನ ಬಿಳಿ ಎಲುಬು, ಕೊಕ್ಕು ಮಸೆಯಲು ಹಕ್ಕಿಗಳಿಗೆ ಇಷ್ಟ. ಈ ಜಾತಿಯ ಹಕ್ಕಿಗಳು ಕೇಳಿದ ಶಬ್ದವನ್ನು ಕಲಿಯುತ್ತವೆ. ನೀವು ಕಲಿಸಿದ್ದ ಫೋನಿನ ರಾಗವನ್ನು ಅದು ಮರೆತು, ಅಜ್ಜನ "ಸ್ಸ್... ಸ್ಸ್..." ಕಲಿತಿತು. ಎಷ್ಟು ಚೆನ್ನಾಗಿ ಎಂದರೆ, ನಾನು ಬಾಗಿಲ ಹಿಂದಿನಿಂದ ಮೋಸಹೋಗಿ ನೀರು ತೆಗೆದುಕೊಂಡು ಬಂದದ್ದುಂಟು. "ಅದು ನಾನಲ್ಲ, ಅವನು," ಎಂದು ಅಜ್ಜ ಹಕ್ಕಿಯನ್ನು ತೋರಿಸುವರು. ಆದರೆ ಆ ಕೊನೆಯ "ಹಾ" ಮಾತ್ರ ಬೊಟ್ಟುವಿಗೆ ಬರಲೇ ಇಲ್ಲ. ಅಜ್ಜ ಎಷ್ಟೋ ಸಲ ಅದರ ಮುಖದ ಹತ್ತಿರ ಬಾಯಿ ತಂದು "ಹಾ, ಹಾ" ಎಂದು ಪಾಠ ಮಾಡಿದರು. ಅದು ಜುಟ್ಟು ಎತ್ತಿ ಗಮನವಿಟ್ಟು ಕೇಳಿ, "ಸ್ಸ್" ಎನ್ನುತ್ತಿತ್ತು. ಎದೆ ಬೇಕಲ್ಲ ಆ ಶಬ್ದಕ್ಕೆ; ಅಂಗೈಯಷ್ಟು ಹಕ್ಕಿಯಲ್ಲಿ ಎಲ್ಲಿಂದ ಬರಬೇಕು?

ಕಳೆದ ಬೇಸಿಗೆಯಲ್ಲಿ ಅಜ್ಜ ಅಂಗಡಿಯಿಂದ ಬಂದು ಚಾಪೆಯ ಮೇಲೆ ಮಲಗಿದವರು ಏಳಲಿಲ್ಲ. ಅದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಏನೆಂದರೆ, ನೀವೆಲ್ಲ ಹೊರಟುಹೋದ ಮೇಲೆ ಈ ಮನೆಯಲ್ಲಿ ಬೊಟ್ಟುವೂ ಮಾತು ನಿಲ್ಲಿಸಿತು. ಆಮೇಲೆ ತಿನ್ನುವುದನ್ನೂ ನಿಲ್ಲಿಸುತ್ತಾ ಬಂದಿತು. ಅದಕ್ಕೆ ಸರಿಯಾಗಿ ಗರಿ ಉದುರುವ ಕಾಲ. ಪಂಜರದ ಅಡಿಯಲ್ಲಿ ದಿನವೂ ಬೂದು ಗರಿಗಳು. ಹೊಸ ಗರಿ ಹುಟ್ಟಲು ಮೈಯಲ್ಲಿ ಏನೂ ಇಲ್ಲ. ಜನ ನನ್ನನ್ನು ಸಮಾಧಾನ ಮಾಡಲು ಬಂದು ಪಂಜರ ನೋಡಿ, "ಅದೂ ಹೋಗ್ತದೆ ಕಾಣ್ತದೆ" ಎಂದು ಹೇಳಿ ಚಹಾ ಕುಡಿದು ಹೋಗುವರು. ನನಗೆ ಭಯವಾಯಿತು. ಅಜ್ಜನ ಫೋಟೋ ಗೋಡೆಯ ಮೇಲಿದೆ, ಅಂಗಿ ಪೆಟ್ಟಿಗೆಯಲ್ಲಿದೆ. ಆದರೆ ಆ ಶಬ್ದ ಇದ್ದದ್ದು ಲೋಕದಲ್ಲಿ ಎರಡೇ ಕಡೆ, ನನ್ನ ಕಿವಿಯಲ್ಲಿ ಮತ್ತು ಈ ಹಕ್ಕಿಯ ಗಂಟಲಿನಲ್ಲಿ. ಹಕ್ಕಿ ಹೋದರೆ ನಾನೊಬ್ಬಳೇ ಅದನ್ನು ನೆನಪಿಟ್ಟುಕೊಂಡಿರಬೇಕು. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವವಳು ನಾನು.

ನಿಮ್ಮ ಅಮ್ಮ ನನ್ನನ್ನೂ ಹಕ್ಕಿಯನ್ನೂ ಮಣಿಪಾಲದ ಹಕ್ಕಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಚಿಕ್ಕ ವಯಸ್ಸಿನ ಹೆಂಗಸು, ಹಕ್ಕಿಯನ್ನು ತೂಕ ಮಾಡಿ ಹುಬ್ಬು ಗಂಟಿಕ್ಕಿದರು. ಹೀಗೆಯೇ ಇಳಿಯುತ್ತಾ ಹೋದರೆ ಉಳಿಯುವುದು ಕಷ್ಟ ಎಂದರು. ಗರಿ ಹುಟ್ಟಲು ಪ್ರೋಟೀನು ಬೇಕು, ಊಟದ ಮೇಲೆ ಆಸೆ ಹುಟ್ಟಲು ಏನಾದರೂ ರುಚಿ ಬೇಕು, ಎರಡೂ ಒಂದರಲ್ಲೇ ಸಿಗುವುದು ಮೀಲ್‌ವರ್ಮ್ ಎಂಬ ಹುಳದಲ್ಲಿ ಎಂದು ವಿವರಿಸಿದರು. ಹಿಟ್ಟು, ತೌಡಿನಲ್ಲಿ ಬೆಳೆಯುವ, ಮುಂದೆ ಕಪ್ಪು ದುಂಬಿಯಾಗುವ ಹುಳ. "ಇದು ಊಟ ಅಲ್ಲ ಅಮ್ಮ, ಹಬ್ಬ. ಹಬ್ಬ ದಿನಾ ಮಾಡ್ಲಿಕ್ಕಿಲ್ಲ," ಎಂದರು. ಅದರಲ್ಲಿ ಪ್ರೋಟೀನು ಇರುವಂತೆ ಕೊಬ್ಬೂ ಧಾರಾಳ, ಹೆಚ್ಚು ಕೊಟ್ಟರೆ ಹಕ್ಕಿ ದಪ್ಪವಾಗಿ ಕಾಯಿಲೆ ಬೀಳುತ್ತದೆ. ಸುಣ್ಣದ ಅಂಶ ಮಾತ್ರ ತೀರ ಕಡಿಮೆ, ಅದಕ್ಕೆ ಕಡಲನೊರೆ ತಪ್ಪಿಸಬಾರದು. ನವಣೆ, ಸೊಪ್ಪು, ಕ್ಯಾರೆಟ್ಟೇ ನಿತ್ಯದ ಊಟ. ಹುಳಕ್ಕೂ ಮೊದಲು ಕ್ಯಾರೆಟ್ಟು ತಿನ್ನಿಸಬೇಕು, ಹುಳದ ಹೊಟ್ಟೆಯಲ್ಲಿದ್ದದ್ದೇ ಹಕ್ಕಿಯ ಹೊಟ್ಟೆಗೆ ಹೋಗುವುದು. ಈ ಕೊನೆಯ ಮಾತು ಕೇಳಿ ನನಗೆ ಮೈ ಜುಂ ಎಂದಿತು. ಒಬ್ಬರು ಉಂಡದ್ದು ಇನ್ನೊಬ್ಬರೊಳಗೆ ಹೋಗಿ ಉಳಿಯುತ್ತದೆ ಎಂದರೆ, ಯೋಚಿಸುತ್ತಾ ಹೋದರೆ ಅದಕ್ಕೆ ಕೊನೆ ಎಲ್ಲಿ?

ಮೊದಲು ತಂದದ್ದು ಜೀವಂತ ಹುಳ. ಡಾಕ್ಟರು ಹೇಳಿದಂತೆ ನುಣುಪು ಅಂಚಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ತೌಡು ಹಾಕಿ, ಕ್ಯಾರೆಟ್ಟಿನ ಹೋಳು ಇಟ್ಟು, ಮೇಲೆ ಹಳೆಯ ಪತ್ರಿಕೆ ಮುಚ್ಚಿ, ಕತ್ತಲೆಯೂ ತಂಪೂ ಇರುವ ಒಳಕೋಣೆಯಲ್ಲಿ ಇಟ್ಟೆ. ಆ ಕೋಣೆ ಅಜ್ಜನದು. ಊಟವಾದ ಮೇಲೆ ಅವರು ಅಲ್ಲಿ ಪತ್ರಿಕೆ ಓದುತ್ತಾ ಮಲಗುತ್ತಿದ್ದರು. ಮಾರನೆಯ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದವಳಿಗೆ ಒಳಕೋಣೆಯಿಂದ ಪುಟ ಮಗುಚುವ ಸದ್ದು ಕೇಳಿಸಿತು. ಕೈಯಲ್ಲಿದ್ದ ತಟ್ಟೆ ಬಿಟ್ಟು ಹೋಗಿ ನೋಡಿದರೆ ಹುಳಗಳು ಪತ್ರಿಕೆಯ ಅಡಿಯಲ್ಲಿ ಹರಿದಾಡುತ್ತಿವೆ. ಕಾರಣ ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಸರ ಸರ, ಸ್ವಲ್ಪ ಮೌನ, ಮತ್ತೆ ಸರ ಸರ. ಒಂದು ಪುಟವನ್ನು ಓದಿ ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಮೌನ. ಕೆಲವು ಹುಳಗಳು ಬಿಳಿಯಾಗಿ ಬಿರುಸಾಗಿ, ಬಟ್ಟೆಯಲ್ಲಿ ಸುತ್ತಿಟ್ಟಂತೆ ಮಲಗಿದ್ದವು. ಸತ್ತವೆಂದು ಹೆಕ್ಕಲು ಹೋದರೆ ಸೊಂಟ ತಿರುಗಿಸಿದವು! ಸತ್ತಂತೆ ಮಲಗಿ, ಮುಟ್ಟಿದರೆ ತಿರುಗುವ ಜೀವವನ್ನು ಆ ಕೋಣೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿಲ್ಲದೆ, ನಿಮ್ಮ ಅಮ್ಮನಿಂದ ಅವನ್ನು ವಾಪಸು ಕಳಿಸಿ, ಒಣಗಿಸಿದ ಹುಳ ತರಿಸಿದೆ. ಒಣಗಿದ್ದರಲ್ಲಿ ನೀರಿನ ಅಂಶ ಇಲ್ಲ, ಹಕ್ಕಿಗೆ ನೀರು ತಪ್ಪದೆ ಇಡಬೇಕು, ಉಳಿದ ಸತ್ವ ಸುಮಾರಾಗಿ ಇರುತ್ತದೆ ಎಂದರು ಡಾಕ್ಟರು. ಇಡಲು ಬಾಟಲಿ ಹುಡುಕಿದೆ. ಅಜ್ಜನ ಸಿಗಡಿಯ ಬಾಟಲಿ ಖಾಲಿಯಿತ್ತು. ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೂ ಅದರ ಸಿಗಡಿವಾಸನೆ ಹೋಗಲಿಲ್ಲ. ಹಕ್ಕಿಗೆ ವಾಸನೆಯ ಹಂಗೇನು ಎಂದು ಅದರಲ್ಲೇ ತುಂಬಿಸಿದೆ.

ಬೊಟ್ಟು ಅದನ್ನೂ ಮುಟ್ಟಲಿಲ್ಲ. ನಾನು ಅಂಗೈಯಲ್ಲಿ ಹುಳ ಇಟ್ಟುಕೊಂಡು, ಮುಖ ಆಚೆ ತಿರುಗಿಸಿ, ಪಂಜರದೊಳಗೆ ಕೈ ಹಾಕಿ ಕೂರುತ್ತಿದ್ದೆ. ಅದು ನನ್ನ ಕೈ ನೋಡದೆ, ಒಳಕೋಣೆಯ ಮೂಲೆಯಲ್ಲಿ ಒರಗಿಸಿಟ್ಟ ಅಜ್ಜನ ಊಟದ ಮಣೆಯನ್ನೇ ನೋಡುತ್ತಿತ್ತು. ದಿನ ಹೋದಂತೆ ಕೋಲಿನಿಂದ ಇಳಿದು ಪಂಜರದ ತಳದಲ್ಲಿ ಕೂರತೊಡಗಿತು. ಪಂಜರದ ಕೊಂಡಿ ಸಡಿಲ. ಅಜ್ಜ ಅದನ್ನು ಬಲೆಯ ದಾರದಿಂದ ಕಟ್ಟುತ್ತಿದ್ದರು. ಏಳಲೇ ಆಗದ ಹಕ್ಕಿಗೆ ಕಟ್ಟು ಯಾಕೆ ಎಂದು ನಾನು ಕಟ್ಟುವುದನ್ನು ಬಿಟ್ಟೆ.

ಅಷ್ಟರಲ್ಲಿ ಮಳೆಗಾಲದ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮ ಮನೆಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ನಿಮಗೆ ಗೊತ್ತು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಮಾತಿಲ್ಲದೆ ಕಾಯುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ, ಕೆಮ್ಮಿ, ತೆರೆಯುವುದು. ಆಮೇಲೆ ಅದೇ ಅಡುಗೆಯನ್ನು ಮನೆಯವರು ಉಣ್ಣುವುದು. ಅವರಿಗೆ ಬಡಿಸುವ ಮೊದಲು ಯಾರೂ ಉಪ್ಪು ಖಾರ ನೋಡುವಂತಿಲ್ಲ. ಅಜ್ಜನಿಗೆ ಅದು ಮೊದಲ ಆಟಿ. ನಿಮ್ಮಿಬ್ಬರಿಗೂ ಜ್ವರವೆಂದು ನಿಮ್ಮ ಅಪ್ಪನ ಹತ್ತಿರ ಬಿಟ್ಟು, ನಿಮ್ಮ ಅಮ್ಮ ಬಂದಿದ್ದಳು. ಕಾಪು ಅಜ್ಜಿ, ಎಂದರೆ ಅಜ್ಜನ ಅಕ್ಕ, ಬೆಳಗಿನ ಬಸ್ಸಿನಲ್ಲೇ ಬಂದಿದ್ದರು. ಜನ್ಮವಿಡೀ ಕಾಪುವಿನ ಮರಳಿನಲ್ಲಿ ಸಿಗಡಿ ಒಣಗಿಸಿದ ಹೆಂಗಸು. ಬರುವಾಗ ತಮ್ಮನಿಗೆಂದು ಹೊಸ ಒಣಸಿಗಡಿಯ ಪೊಟ್ಟಣ, ಹಕ್ಕಿಗೆಂದು ಕಡಲನೊರೆ ತಂದಿದ್ದರು.

"ಚಟ್ನಿ ನಾನೇ ಮಾಡುವುದು ವಾರಿಜಾ. ನೀನು ಮೆಣಸಿಗೆ ಜಿಪುಣತನ ಮಾಡ್ತಿ. ಅವನು ಸತ್ತ ಮೇಲಾದ್ರೂ ಸರಿಯಾಗಿ ಉಣ್ಲಿ," ಎಂದರು. ನನಗೆ ಸ್ವಲ್ಪ ಚುಚ್ಚಿತು. ಆದರೂ ಕೋಳಿಸಾರಿನ ಕಡೆ ತಿರುಗಿಕೊಂಡೆ.

ಹೊತ್ತು ಕಂತುವಾಗ ಒಳಕೋಣೆಯಲ್ಲಿ ಅಜ್ಜನ ಮಣೆ ಇಟ್ಟು ಎಲೆ ಹಾಕಿದೆವು. ಅನ್ನ, ಕೋಳಿಸಾರು, ಬಂಗುಡೆ ಪುಳಿಮುಂಚಿ, ಕಡುಬು, ಎಳನೀರು. ಎಲೆಯ ಎಡಗಡೆ, ಅಜ್ಜನಿಗೆ ಬೇಕಾದ ಜಾಗದಲ್ಲೇ, ಕೆಂಪಗೆ ಚಟ್ನಿ. ಒಳಕೋಣೆಯಲ್ಲಿದ್ದ ಪಂಜರವನ್ನು ನಿಮ್ಮ ಅಮ್ಮ ಮೊದಲೇ ಚಾವಡಿಗೆ ತಂದು, ಹಕ್ಕಿಗೆ ತೊಂದರೆಯಾಗದಿರಲೆಂದು ಮೇಲೆ ಅಜ್ಜ ಹೆಗಲಿಗೆ ಹಾಕುತ್ತಿದ್ದ ಹಳೆಯ ಬೈರಾಸ ಹೊದಿಸಿದ್ದಳು. ಕೈಮುಗಿದು, ದೀಪ ಒಳಗೇ ಬಿಟ್ಟು, ಬಾಗಿಲು ಮುಚ್ಚಿ ಚಾವಡಿಯಲ್ಲಿ ಕೂತೆವು. ಹೊರಗೆ ಮಳೆ ಬಿಟ್ಟಿತ್ತು. ನಾಯಿಯೂ ಬೊಗಳಲಿಲ್ಲ.

ನಾನು ಕೂತ ಜಾಗದಿಂದ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಕಾಪುವಿನ ಸಿಗಡಿಯ ಪೊಟ್ಟಣ, ಕಟ್ಟಿದ ದಾರ ಬಿಚ್ಚದೆ, ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಒಂದು ಖಾಲಿ ಬಾಟಲಿ.

ಮಕ್ಕಳೇ, ಆ ಕ್ಷಣ ನನಗೆ ಆದದ್ದನ್ನು ಬರೆಯಲು ನನ್ನ ಏಳನೆಯ ತರಗತಿಯ ಕನ್ನಡ ಸಾಲದು. ಕಾಪು ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆದಿತ್ತು, ಇನ್ನೊಂದರದು ಬಾಕಿಯಿತ್ತು. ಬಾಟಲಿ ತಮ್ಮನದು, ವಾಸನೆ ಸಿಗಡಿಯದು. ಹೊಸ ಪೊಟ್ಟಣ ಬಿಚ್ಚುವ ಮೊದಲು ಹಳೆಯದು ಮುಗಿಯಲಿ ಎನ್ನುವುದು ನಮ್ಮ ಮನೆಗಳ ಹೆಂಗಸರ ಬುದ್ಧಿ; ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಹುರಿದು, ಕಾಯಿ ಮೆಣಸು ಹುಳಿ ಸೇರಿಸಿ ಅರೆದ ಮೇಲೆ ಯಾವ ಡಾಕ್ಟರಿಗೂ ಗುರುತು ಸಿಗಲಿಕ್ಕಿಲ್ಲ. ರುಚಿ ನೋಡುವಂತೆಯೂ ಇಲ್ಲ. ಇಷ್ಟು ಭಕ್ತಿಯಿಂದ, ಇಷ್ಟು ಕ್ರಮಬದ್ಧವಾಗಿ, ನನ್ನ ಗಂಡನಿಗೆ ಅವರ ಮೊದಲ ಆಟಿಯಲ್ಲಿ ನಾವು ಹುಳದ ಚಟ್ನಿ ಬಡಿಸಿದ್ದೆವು. ಅವರು ಉಣ್ಣುವ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಬಾಯಿ ತೆರೆದೆ, ಮುಚ್ಚಿದೆ. ಪ್ರೋಟೀನು ಧಾರಾಳ, ಸುಣ್ಣ ಕಡಿಮೆ ಎಂಬ ಡಾಕ್ಟರ ಮಾತು ಮಂತ್ರದಂತೆ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಮುಚ್ಚಿದ ಬಾಗಿಲ ಆಚೆಯಿಂದ ಕೇಳಿಸಿತು.

"ಸ್ಸ್... ಸ್ಸ್..."

ಕಾಪು ಅಜ್ಜಿ ನನ್ನ ಮೊಣಕೈ ಹಿಡಿದರು. ಬಾಗಿಲ ಹಿಂದೆ ನಿಂತು ಕೇಳಿದ ಶಬ್ದ. ಇಷ್ಟು ವರ್ಷ ನಾನು ಅಡುಗೆಮನೆಯ ಬಾಗಿಲ ಹಿಂದೆ, ಈಗ ಅವರು ಒಳಕೋಣೆಯ ಬಾಗಿಲ ಹಿಂದೆ. ಮತ್ತೆ "ಸ್ಸ್..." ಮಧ್ಯೆ ಎಲೆ ಅಲುಗಿದ ಸಣ್ಣ ಸದ್ದು. ನಿಮ್ಮ ಅಮ್ಮ ಕಲಿತವಳಲ್ಲವೇ; ಪಂಜರದ ಕಡೆ ಕಣ್ಣಿನಲ್ಲೇ ತೋರಿಸಿ, ತುಟಿ ಅಲುಗಿಸದೆ, "ಬೊಟ್ಟು ಅಲ್ವಾ?" ಎಂದಳು. ನಾನು ಎದ್ದು ಬೈರಾಸದ ತುದಿ ಎತ್ತಿದೆ. ಪಂಜರದ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇಲ್ಲ. ಏಳಲಾರದ ಹಕ್ಕಿ ಪಂಜರ ಸಾಗಿಸುವ ಮೊದಲೇ ಇಳಿದು, ಆ ಕೋಣೆಯಲ್ಲೇ ಎಲ್ಲೋ ಮೂಲೆಯಲ್ಲಿ ಕೂತಿದ್ದಿರಬೇಕು. ನಿಮ್ಮ ಅಮ್ಮ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ನನಗೂ ಜೀವ ಬಂದಂತಾಯಿತು. ನಗು ಬರುವ ಹಾಗೂ ಆಯಿತು.

ಅದೇ ಹೊತ್ತಿಗೆ ಒಳಗಿನಿಂದ, ನಿಧಾನವಾಗಿ, ಎದೆಯ ಆಳದಿಂದ ಬಂತು.

"ಹಾ."

ಕೊನೆಗೆ ಕಾಪು ಅಜ್ಜಿಯೇ ಬಾಗಿಲು ತಟ್ಟಿ, ಕೆಮ್ಮಿ, ತೆರೆದರು. ದೀಪ ಉರಿಯುತ್ತಿತ್ತು. ಅನ್ನ, ಸಾರು, ಕಡುಬು ಇಟ್ಟದ್ದು ಇಟ್ಟಂತೆ ಇತ್ತು. ಎಲೆಯ ಎಡಗಡೆ ಚಟ್ನಿ ಇದ್ದ ಜಾಗ ಒರೆಸಿದಂತೆ ಖಾಲಿ. ಮಣೆಯ ಮೇಲೆ, ಅಜ್ಜ ಕೂರುತ್ತಿದ್ದ ಜಾಗ ಬಿಟ್ಟು ಒಂದು ತುದಿಯಲ್ಲಿ, ಬೊಟ್ಟು ಕೂತು ಕೊಕ್ಕನ್ನು ಮರಕ್ಕೆ ಉಜ್ಜಿಕೊಳ್ಳುತ್ತಿತ್ತು. ಕೊಕ್ಕು ಕೆಂಪಾಗಿತ್ತು.

"ಹಕ್ಕಿ ತಿಂದದ್ದು ಅತ್ತೆ," ಎಂದಳು ನಿಮ್ಮ ಅಮ್ಮ, ಸ್ವರ ಸ್ವಲ್ಪ ಹೆಚ್ಚೇ ಗಟ್ಟಿ ಮಾಡಿ.

"ತಿಂದದ್ದು ಹಕ್ಕಿಯೇ ಇರ್ಲಿ. ಹಕ್ಕಿ ಹಾ ಅಂತದಾ?" ಎಂದು ಕೇಳಿದರು ಕಾಪು ಅಜ್ಜಿ.

ನಾನು ಊಟಕ್ಕೆ ಏಳಿ ಎಂದೆ, ಗೊತ್ತಲ್ಲ, ನನ್ನ ಉಪಾಯ. ಎಲ್ಲರಿಗೂ ಎಲೆ ಹಾಕಿದ್ದಾಯಿತು. ಕಾಪು ಅಜ್ಜಿ ಕಣ್ಣೊರೆಸಿಕೊಂಡು, ತಮ್ಮನು ಉಂಡ ಚಟ್ನಿಯೆಂದು ಮಡಕೆಯಲ್ಲಿ ಉಳಿದದ್ದನ್ನು ಧಾರಾಳವಾಗಿಯೇ ಬಡಿಸಿಕೊಂಡು, ಮೊದಲ ತುತ್ತು ಕಲಸಿ ಎತ್ತಿದರು. ಜೀವಮಾನದಲ್ಲಿ ಮೊದಲ ಸಲ ನಾನು ಉಣ್ಣುವವರ ಮುಖ ನೋಡಿದೆ, ಉಣ್ಣುವವರ ಕೈಯನ್ನೂ ಹಿಡಿದೆ.

"ಅಕ್ಕ, ಅದು ಬೇಡ."

"ಎಂತಕ್ಕೆ?"

"ಅದು ಸಿಗಡಿ ಅಲ್ಲ. ಹಕ್ಕಿಗೆ ತಂದ ಹುಳ."

ಅವರು ತುತ್ತನ್ನು ದೀಪದ ಹತ್ತಿರ ಹಿಡಿದು, ಒಳ್ಳೆಯ ಕಣ್ಣಿನಿಂದ ನೋಡಿದರು. ಎಲೆಗೆ ಹಾಕಿದರು. ಮುಖ ಮುಚ್ಚಿಕೊಂಡು, "ನನ್ನ ತಮ್ಮನಿಗೆ ನಾನು ಹುಳ ಬಡಿಸಿದೆನಲ್ಲ ದೇವರೇ!" ಎಂದು ಅತ್ತರು. ಅಳುತ್ತಾ ಅಳುತ್ತಾ ಭುಜದ ಅಲುಗಾಟ ಬೇರೆಯಾಯಿತು, ನೋಡಿದರೆ ನಗುತ್ತಿದ್ದಾರೆ. "ಆದ್ರೂ ಒಂದು ಚೂರು ಮಿಗಿಸ್ಲಿಲ್ಲ ನೋಡು ವಾರಿಜಾ! ಹಾ ಅಂತ ಬೇರೆ ಅಂದ. ನಿನ್ನ ಚಟ್ನಿಗೆ ದಿನಾ ಅಂತಿದ್ನಾ?" ಎಂದು ಕೇಳಿದರು. ದಿನಾ ಅನ್ನುತ್ತಿರಲಿಲ್ಲ. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದು ಕಾಗದದಲ್ಲಿ ಮಾತ್ರ ಹೇಳಬಲ್ಲೆ.

ಮಾರನೆಯ ದಿನ ಹಕ್ಕಿಯನ್ನು ಡಾಕ್ಟರಲ್ಲಿಗೆ ಕೊಂಡುಹೋದೆವು. ಉಪ್ಪು ಹಾಕಿದ್ದು ಹಕ್ಕಿಗೆ ಒಳ್ಳೆಯದಲ್ಲ, ಇನ್ನು ಹೀಗೆ ಮಾಡಬಾರದು, ನೀರು ಚೆನ್ನಾಗಿ ಕುಡಿಯಲಿ ಎಂದು ಗದರಿಸಿದರು. ಹಕ್ಕಿಗೆ ಅಪಾಯವೇನೂ ಆಗಲಿಲ್ಲ. ಅಷ್ಟು ಖಾರ ಹೇಗೆ ತಾಳಿಕೊಂಡಿತು ಎಂದು ನಾನು ಕೇಳಿದ್ದಕ್ಕೆ, "ಹಕ್ಕಿಗಳಿಗೆ ಖಾರ ಗೊತ್ತಾಗುದಿಲ್ಲ ಅಮ್ಮ. ಮೆಣಸು ತಿಂದ್ರೂ ಉರಿಯುದಿಲ್ಲ," ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಉರಿಯದ ಬಾಯಿಯಿಂದ ಅದು ಇಷ್ಟು ದಿನ ಯಾರ ಉರಿಗೆ ಗಾಳಿ ಎಳೆದುಕೊಳ್ಳುತ್ತಿತ್ತು?

ಅಂದಿನಿಂದ ಬೊಟ್ಟು ತಿನ್ನತೊಡಗಿತು. ಆದರೆ ಪಂಜರದ ಬಟ್ಟಲಿನಿಂದಲ್ಲ. ನೆಲಕ್ಕೆ ಎಲೆ ಹಾಕಿ, ಯಾರಾದರೂ ಜೊತೆಗೆ ಉಣ್ಣುತ್ತಿದ್ದರೆ ಮಾತ್ರ. ಸತ್ವ ಎಲ್ಲವೂ ಹುಳದಲ್ಲೇ ಇರಲಿಲ್ಲವೆಂದು ಕಾಣುತ್ತದೆ, ಸ್ವಲ್ಪ ಎಲೆಯ ಅಂಚಿನಲ್ಲೂ ಇತ್ತು. ಹಾಗಾಗಿ ಜನ್ಮವಿಡೀ ಅಡುಗೆಮನೆಯ ಮೂಲೆಯಲ್ಲಿ, ಎಲ್ಲರದೂ ಆದ ಮೇಲೆ, ಒಬ್ಬಳೇ ಉಂಡ ನಾನು ಈಗ ಚಾವಡಿಯಲ್ಲಿ ಅಜ್ಜನ ಮಣೆಯ ಎದುರು ಕೂತು ಉಣ್ಣುತ್ತೇನೆ. ಮಣೆಯ ಮೇಲಲ್ಲ, ಎದುರು. ನನ್ನ ಎಲೆಯ ಅಂಚಿನಲ್ಲಿ ಬೊಟ್ಟುವಿನ ನವಣೆ. ಭಾನುವಾರ ಹಬ್ಬಕ್ಕೆ ಎರಡು ಹುಳ. ಹೊಸ ಗರಿಗಳು ಬಂದು ಮೈ ಮುಚ್ಚಿವೆ. ಚಟ್ನಿಗೆ ನಾನೂ ಈಗ ಮೆಣಸು ಸ್ವಲ್ಪ ಹೆಚ್ಚೇ ಹಾಕುತ್ತೇನೆ, ಕಾಪು ಅಜ್ಜಿಯ ಮಾತು ಚುಚ್ಚಿದ್ದಕ್ಕೆ. ನಾನು "ಸ್ಸ್" ಎಂದರೆ ಅದೂ "ಸ್ಸ್" ಎನ್ನುತ್ತದೆ. "ಹಾ" ಮಾತ್ರ ಆ ಸಂಜೆಯ ಮೇಲೆ ಅದರ ಬಾಯಿಂದ ಕೇಳಿಲ್ಲ; ಆ ಸಂಜೆಯೂ ಅದರ ಬಾಯಿಂದಲೇ ಕೇಳಿದೆನೆಂದು ಹೇಳಲಾರೆ.

ಒಂದು ದಿನ ನೀರು ಕುಡಿದು, ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೇ ಮೆಲ್ಲನೆ "ಹಾ" ಎಂದೆ. ಹಕ್ಕಿಯ ಮುಂದೆಯೂ ನಾಚಿಕೆಯಾಯಿತು. ಬೊಟ್ಟು ಜುಟ್ಟು ನೆಟ್ಟಗೆ ಮಾಡಿತು. ಆದರೆ ನನ್ನ ಕಡೆ ತಿರುಗಲಿಲ್ಲ. ಎದುರಿನ ಖಾಲಿ ಮಣೆಯ ಕಡೆ ತಿರುಗಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ, ಕೂತವರ ಮುಖ ಇರುವಷ್ಟು ಎತ್ತರದಲ್ಲಿ, ಕಣ್ಣು ನಿಲ್ಲಿಸಿ, ಏನೋ ಕೇಳಿಸಿಕೊಳ್ಳುವ ಹಾಗೆ ತಲೆ ಓರೆ ಮಾಡಿತು. ನಾನು ಎಲೆಯ ಮೇಲಿಂದ ಕಣ್ಣೆತ್ತಲಿಲ್ಲ.

ಆದ್ದರಿಂದ ಪುಟ್ಟಾ, ಅಜ್ಜ ಹುಳ ತಿಂದರೇ ಎಂದು ಕೇಳಿದೆಯಲ್ಲ, ನನ್ನ ಉತ್ತರ ಇಷ್ಟೇ: ಉಣ್ಣುವವರ ಮುಖ ನೋಡುವ ಅಭ್ಯಾಸ ನನಗಿಲ್ಲ. ನೋಡಿಲ್ಲ. ಕೇಳಿದ್ದನ್ನು ಬರೆದಿದ್ದೇನೆ.

ಬಾಟಲಿಗಳಿಗೆ ಶ್ರಾವ್ಯ ರಜೆಯಲ್ಲಿ ಚೀಟಿ ಅಂಟಿಸಿ ಹೋಗಿದ್ದಾಳೆ, ಒಂದಕ್ಕೆ "ಅಜ್ಜಿಗೆ", ಇನ್ನೊಂದಕ್ಕೆ "ಬೊಟ್ಟುವಿಗೆ". ಈಗ ಸಂಜೆಯಾದರೂ ತಪ್ಪುವ ಭಯವಿಲ್ಲ. ಹುಳದ ಬಾಟಲಿ ಮಾತ್ರ ಭಾನುವಾರದ ಹಬ್ಬಕ್ಕೆ ಆಗಬೇಕಾದದ್ದಕ್ಕಿಂತ ಸ್ವಲ್ಪ ಬೇಗ ಇಳಿಯುತ್ತಿದೆ. ನನ್ನ ಮರೆವೇ ಇರಬೇಕು. ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿರಬಹುದು. ಗಾಳಿಯಾಡಿದರೆ ಹುಳ ಮೆತ್ತಗಾಗುತ್ತದೆ, ಬಿಗಿಯಾಗಿ ಮುಚ್ಚಿ ಎಂದು ಡಾಕ್ಟರು ಹೇಳಿದ್ದಾರೆ. ಸಿಗಡಿಯದನ್ನು ಬಿಗಿಯಾಗಿಯೇ ಮುಚ್ಚುತ್ತೇನೆ. ಹುಳದ ಬಾಟಲಿಯ ಮುಚ್ಚಳವನ್ನು ಮಾತ್ರ, ಜಾರುವ ಕೈಗೂ ಬಿಚ್ಚಲು ಬರುವ ಹಾಗೆ, ಸ್ವಲ್ಪ ಸಡಿಲ ಬಿಡುತ್ತೇನೆ.